ಸಿನ್ಸ್, ಫಾರ್, ಅಗೋ, ಬೈ, ಟಿಲ್: ಯಾವ ಕಾಲಪದಕ್ಕೆ ಯಾವ ಕ್ರಿಯಾರೂಪ?

‘ವಿ ಆರ್ ರನ್ನಿಂಗ್ ದಿಸ್ ಹೋಂಸ್ಟೇ ಸಿನ್ಸ್ ಟೆನ್ ಇಯರ್ಸ್.’ ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಅತಿಥಿಗಳಿಗೆ ಹೋಗುವ ಸಂದೇಶಗಳಲ್ಲಿ ಇಂಥ ವಾಕ್ಯ ಸಾಮಾನ್ಯ. ಸ್ಪೆಲಿಂಗ್ ಸರಿ ಇರುತ್ತದೆ, ಹೇಳಬೇಕಾದ ವಿಷಯವೂ ತಿಳಿಯುತ್ತದೆ. ಆದರೂ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡೂ ಬಂದಿರುವುದು ಒಂದು ಚೊಕ್ಕ ಕನ್ನಡ ವಾಕ್ಯದಿಂದ: ‘ಹತ್ತು ವರ್ಷದಿಂದ ಈ ಹೋಂಸ್ಟೇ ನಡೆಸ್ತಾ ಇದ್ದೀವಿ.’ ಕನ್ನಡಕ್ಕೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು, ‘ಇದ್ದೀವಿ’ ಎಂಬ ವರ್ತಮಾನ ರೂಪವೂ ಸಾಕು. ಇಂಗ್ಲಿಷಿಗೆ ಅವೆರಡೂ ಸಾಲುವುದಿಲ್ಲ.

ಶಾಲೆಯಲ್ಲಿ ಕಲಿಸುವ ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಬರುವವರೂ ಇಲ್ಲಿ ಎಡವುತ್ತಾರೆ. ಕ್ರಿಯಾಪದ ಕೊಟ್ಟರೆ ಟೆನ್ಸ್‌ನ ಹೆಸರು ಹೇಳಲು ಆ ಪಟ್ಟಿ ಕಲಿಸುತ್ತದೆ. ಬರೆಯಲು ಕೂತವರಿಗೆ ಬೇಕಾದದ್ದು ಇದರ ತಿರುವುಮುರುವು: ಕಾಲ ಗೊತ್ತಿದೆ, ಕ್ರಿಯಾಪದ ಯಾವುದು? ಹಾಗಾಗಿ ಕನ್ನಡ ಕ್ರಿಯಾಪದವನ್ನು ಇಂಗ್ಲಿಷಿಗೆ ತಿರುಗಿಸಲು ಹೊರಡುವ ಮೊದಲು ಕಾಲ ಹೇಳುವ ಪದ ಯಾವುದೆಂದು ಹುಡುಕಿ. ಅದು ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಆ ಹೊತ್ತು ಮುಗಿದುಹೋಗಿದೆಯೇ, ಈ ಕ್ಷಣದ ತನಕ ಬಂದು ಮುಟ್ಟಿದೆಯೇ, ಇಲ್ಲ ಇನ್ನೂ ಮುಂದಿದೆಯೇ? ಮುಗಿದಿದ್ದರೆ ಸಿಂಪಲ್ ಪಾಸ್ಟ್. ಈ ಕ್ಷಣಕ್ಕೆ ಬಂದು ಮುಟ್ಟಿದ್ದರೆ ಹ್ಯಾವ್ ಅಥವಾ ಹ್ಯಾಸ್ ಇರುವ ರೂಪ. ಮುಂದಿದ್ದರೆ ಕೆಲವು ಕಡೆ ವಿಲ್, ಕೆಲವು ಕಡೆ ವಿಲ್ ಇಲ್ಲದ ಬರಿಯ ವರ್ತಮಾನ. ಕನ್ನಡದ ರೂಪವನ್ನು ನಂಬಿ ಹೊರಟರೆ ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

‘ಇಂದ’ ಬಂದಾಗ: ಸಿನ್ಸ್, ಫಾರ್, ಫ್ರಮ್

ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ‘ಇಂದ’ದ ಹಿಂದೆ ಏನಿದೆ ನೋಡಿ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದುವಿದ್ದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಯುಗಾದಿ, ಸಿನ್ಸ್ 2013, ಸಿನ್ಸ್ ಟೆನ್ ಓ ಕ್ಲಾಕ್, ಸಿನ್ಸ್ ದಿಸ್ ಮಾರ್ನಿಂಗ್. ಅಳತೆಯಿದ್ದರೆ, ಅಂದರೆ ಎಷ್ಟು ದಿನ, ಎಷ್ಟು ಗಂಟೆ, ಎಷ್ಟು ವರ್ಷ ಎಂಬ ಲೆಕ್ಕವಿದ್ದರೆ ಫಾರ್: ಫಾರ್ ತ್ರೀ ಡೇಸ್, ಫಾರ್ ಟೆನ್ ಇಯರ್ಸ್, ಫಾರ್ ಎ ಲಾಂಗ್ ಟೈಮ್. ‘ಸಿನ್ಸ್ ಟೆನ್ ಇಯರ್ಸ್’ ತಪ್ಪಾಗುವುದು ಈ ಕಾರಣಕ್ಕೆ. ‘ಸಿನ್ಸ್ ಲಾಂಗ್’ ಎಂಬುದು ನಮ್ಮ ಕಚೇರಿಗಳಲ್ಲಿ ಎಷ್ಟೇ ಓಡಾಡಿದರೂ ಪರೀಕ್ಷೆಯಲ್ಲಿ ತಪ್ಪೇ.

ಫ್ರಮ್ ಅನ್ನು ಎರಡು ಕಡೆಗೆ ಮೀಸಲಿಡಿ. ಒಂದು, ಕೊನೆಯನ್ನೂ ಜೊತೆಗೇ ಹೇಳುವಾಗ: ಫ್ರಮ್ ನೈನ್ ಟು ಫೈವ್. ಇನ್ನೊಂದು, ಮುಂದೆ ಶುರುವಾಗುವುದಕ್ಕೆ: ‘ದಿ ಆಫೀಸ್ ವಿಲ್ ಬಿ ಓಪನ್ ಫ್ರಮ್ ಮಂಡೇ.’ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಫ್ರಮ್ ಟೂ ಡೇಸ್’ ಹೊಂದುವುದಿಲ್ಲ.

ಇನ್ನು ಕ್ರಿಯಾಪದ. ಮಲೆನಾಡಿನ ಜುಲೈನಲ್ಲಿ ದಿನಕ್ಕೆ ನಾಲ್ಕು ಸಲ ಬೇಕಾಗುವ ವಾಕ್ಯ: ‘ಮೂರು ದಿನದಿಂದ ಮಳೆ ಬರ್ತಾ ಇದೆ.’ ‘ಇಟ್ ಈಸ್ ರೇನಿಂಗ್’ ಎಂಬುದು ಈ ಕ್ಷಣವನ್ನಷ್ಟೇ ತೋರಿಸುತ್ತದೆ, ಹಿಂದಿನ ಮೂರು ದಿನ ಅದರೊಳಗೆ ಹಿಡಿಸುವುದಿಲ್ಲ. ಆ ಮೂರು ದಿನವನ್ನೂ ಈಗಿನ ಮಳೆಯನ್ನೂ ಒಟ್ಟಿಗೆ ಹೊರುವ ರೂಪ ‘ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್.’ ಹೋಂಸ್ಟೇ ವಾಕ್ಯವೂ ಹೀಗೆಯೇ: ‘ವಿ ಹ್ಯಾವ್ ಬೀನ್ ರನ್ನಿಂಗ್ ದಿಸ್ ಹೋಂಸ್ಟೇ ಫಾರ್ ಟೆನ್ ಇಯರ್ಸ್.’

ಎಲ್ಲ ಕ್ರಿಯಾಪದಗಳೂ ಇಂಗ್ ರೂಪ ತಾಳುವುದಿಲ್ಲ. ಇರುವುದು, ಗೊತ್ತಿರುವುದು, ಇಷ್ಟವಾಗುವುದು, ಸ್ವಂತವಾಗಿರುವುದು ಇವು ಸ್ಥಿತಿಗಳು, ನಡೆಯುವ ಕೆಲಸಗಳಲ್ಲ. ‘ಅವರು ನನಗೆ ಇಪ್ಪತ್ತು ವರ್ಷದಿಂದ ಗೊತ್ತು’ ಎನ್ನುವುದು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟ್ವೆಂಟಿ ಇಯರ್ಸ್’ ಆಗಬೇಕು. ‘ಐ ಆಮ್ ನೋಯಿಂಗ್ ಹಿಮ್’ ಯಾವ ಕಾಲಕ್ಕೂ ಸರಿಯಲ್ಲ. ರಜಾ ಚೀಟಿಯಲ್ಲಿ ಬರೆಯುವ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್’ ಬದಲಿಗೆ ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್’ ಎಂದರೆ ವಾಕ್ಯ ಚಿಕ್ಕದಾಗುತ್ತದೆ, ಸರಿಯೂ ಆಗುತ್ತದೆ. ಹ್ಯಾವ್, ಹ್ಯಾಡ್ ಎರಡೂ ಒಟ್ಟಿಗೆ ಬಂದವಲ್ಲ ಎಂದು ಗಾಬರಿ ಬೇಡ. ಇಲ್ಲಿ ಹ್ಯಾಡ್ ಎನ್ನುವುದು ‘ಜ್ವರ ಇರುವುದು’ ಎಂಬ ಮುಖ್ಯ ಕ್ರಿಯಾಪದ, ಹ್ಯಾವ್ ಅದಕ್ಕೆ ಸಹಾಯಕ. ಲಿವ್ ಮತ್ತು ವರ್ಕ್ ಎರಡು ರೂಪಕ್ಕೂ ಒಗ್ಗುತ್ತವೆ: ‘ಹ್ಯಾವ್ ಲಿವ್ಡ್’ ಎಂದರೂ ‘ಹ್ಯಾವ್ ಬೀನ್ ಲಿವಿಂಗ್’ ಎಂದರೂ ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ದೊಡ್ಡದಾಗುವುದು ಎಣಿಕೆ ಬಂದಾಗ. ‘ವಿ ಹ್ಯಾವ್ ಬೀನ್ ಪಿಕ್ಕಿಂಗ್ ಸಿನ್ಸ್ ಮಂಡೇ’ ಎಂದರೆ ಸೋಮವಾರದಿಂದ ಕಾಫಿ ಹಣ್ಣಿನ ಕೊಯ್ಲು ನಡೆಯುತ್ತಲೇ ಇದೆ. ಆದರೆ ಇಷ್ಟು ಮೂಟೆ ಆಯಿತು ಎಂದು ಲೆಕ್ಕ ಕೊಡುವಾಗ ಇಂಗ್ ಬಿಡಬೇಕು: ‘ವಿ ಹ್ಯಾವ್ ಸೋಲ್ಡ್ ಫಾರ್ಟಿ ಬ್ಯಾಗ್ಸ್ ಸಿನ್ಸ್ ಮಂಡೇ.’ ಎಣಿಸಿದ ಮೇಲೆ ಅಷ್ಟರ ಮಟ್ಟಿಗೆ ಕೆಲಸ ಮುಗಿದಂತೆ.

ಕನ್ನಡದ ಇನ್ನೊಂದು ದಾರಿ ಇದೆ: ‘ಅವರನ್ನ ನೋಡಿ ಎರಡು ವರ್ಷ ಆಯ್ತು.’ ಇದಕ್ಕೆ ‘ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಸಾ ಹಿಮ್’ ಎಂದೂ ಹೇಳಬಹುದು, ‘ಐ ಹ್ಯಾವಂಟ್ ಸೀನ್ ಹಿಮ್ ಫಾರ್ ಟೂ ಇಯರ್ಸ್’ ಎಂದೂ ಹೇಳಬಹುದು. ಮೊದಲನೆಯದರಲ್ಲಿ ಸಿನ್ಸ್ ಆದಮೇಲೆ ಬಂದ ‘ಸಾ’ವನ್ನು ಗಮನಿಸಿ. ಸಿನ್ಸ್ ಹಿಂದಿನ ಭಾಗಕ್ಕೆ ಹ್ಯಾವ್ ಬೇಕಾಗಬಹುದು. ಸಿನ್ಸ್ ಮುಂದೆ ಬರುವ ಚಿಕ್ಕ ವಾಕ್ಯ ಶುರುವಿನ ಬಿಂದುವನ್ನು ತೋರಿಸುತ್ತದೆ, ಆ ಬಿಂದು ಮುಗಿದ ಹೊತ್ತು, ಹಾಗಾಗಿ ಅಲ್ಲಿ ಸಿಂಪಲ್ ಪಾಸ್ಟ್. ‘ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ಐ ಗಾಟ್ ಮ್ಯಾರೀಡ್.’ ಖಾಲಿ ಜಾಗ ತುಂಬುವ ಪ್ರಶ್ನೆಗಳಲ್ಲಿ ಈ ಎರಡನೇ ಭಾಗದಲ್ಲಿ ಎಡವುವುದು ಸುಲಭ. ಸಿನ್ಸ್‌ಗೆ ‘ಇರುವುದರಿಂದ, ಕಾರಣ’ ಎಂಬ ಅರ್ಥವೂ ಇದೆ. ‘ಸಿನ್ಸ್ ಇಟ್ ಈಸ್ ರೇನಿಂಗ್, ವಿ ಆರ್ ಸ್ಟೇಯಿಂಗ್ ಇನ್’ ಎಂಬಲ್ಲಿ ಕಾಲದ ಮಾತೇ ಇಲ್ಲ, ಮೇಲಿನ ನಿಯಮವನ್ನು ಅಲ್ಲಿಗೆ ಎಳೆಯಬೇಡಿ.

ಫಾರ್ ಕಂಡ ಕೂಡಲೇ ಹ್ಯಾವ್ ಹಾಕುವುದೂ ತಪ್ಪು. ಅಳತೆ ಈಗಿನ ತನಕ ಬಂದಿದೆಯೋ ಮುಗಿದಿದೆಯೋ ಎಂಬುದನ್ನು ಫಾರ್ ಹೇಳುವುದಿಲ್ಲ, ಕ್ರಿಯಾಪದವೇ ಹೇಳುತ್ತದೆ. ‘ಐ ವರ್ಕ್ಡ್ ಇನ್ ಚಿಕ್ಕಮಗಳೂರು ಫಾರ್ ಸಿಕ್ಸ್ ಇಯರ್ಸ್’ ಎಂದರೆ ಆರು ವರ್ಷ ಅಲ್ಲಿ ಕೆಲಸ ಮಾಡಿದ್ದೆ, ಈಗ ಅಲ್ಲಿಲ್ಲ. ‘ಐ ಹ್ಯಾವ್ ವರ್ಕ್ಡ್ ಇನ್ ಚಿಕ್ಕಮಗಳೂರು ಫಾರ್ ಸಿಕ್ಸ್ ಇಯರ್ಸ್’ ಎಂದರೆ ಈಗಲೂ ಅಲ್ಲೇ. ಕೆಲಸದ ಅರ್ಜಿಯಲ್ಲಿ ಇವೆರಡು ಅದಲುಬದಲಾದರೆ, ಬಿಟ್ಟ ಕೆಲಸದಲ್ಲಿ ಇನ್ನೂ ಇದ್ದೀರೆಂದು ಓದುವವರು ತಿಳಿಯುತ್ತಾರೆ. ಮುಂದಿನ ಪ್ರಶ್ನೆಯೆಲ್ಲ ಅದರ ಮೇಲೆಯೇ ಬರುತ್ತದೆ. ಇದು ವ್ಯಾಕರಣದ ಸಣ್ಣ ತಪ್ಪಲ್ಲ, ಮಾಹಿತಿಯೇ ತಪ್ಪು.

ಮುಗಿದ ಹೊತ್ತು: ‘ಕೊಟ್ಟಿದ್ದೀನಿ’, ‘ಹೋಗಿದ್ದೆ’

‘ನಿನ್ನೆ ಅರ್ಜಿ ಕೊಟ್ಟಿದ್ದೀನಿ.’ ಕನ್ನಡದಲ್ಲಿ ಇದು ನೂರಕ್ಕೆ ನೂರು ಸರಿ. ಇದನ್ನೇ ‘ಐ ಹ್ಯಾವ್ ಸಬ್ಮಿಟೆಡ್ ದಿ ಅಪ್ಲಿಕೇಶನ್ ಯೆಸ್ಟರ್‌ಡೇ’ ಎಂದರೆ ತಪ್ಪು. ನಿನ್ನೆ ಮುಗಿದ ದಿನ, ಹ್ಯಾವ್ ಈಗಿನ ತನಕ ಬರುವ ರೂಪ, ಎರಡಕ್ಕೂ ಕೂಡಿಬರುವುದಿಲ್ಲ. ಆಯ್ಕೆ ಎರಡು: ಯಾವಾಗ ಎಂಬುದು ಮುಖ್ಯವಾದರೆ ‘ಐ ಸಬ್ಮಿಟೆಡ್ ಇಟ್ ಯೆಸ್ಟರ್‌ಡೇ’, ಕೆಲಸ ಆಗಿದೆ ಎಂಬುದು ಮುಖ್ಯವಾದರೆ ದಿನ ಬಿಟ್ಟು ‘ಐ ಹ್ಯಾವ್ ಸಬ್ಮಿಟೆಡ್ ದಿ ಅಪ್ಲಿಕೇಶನ್.’ ಎರಡೂ ಬೇಕಿದ್ದರೆ ಎರಡು ವಾಕ್ಯ ಮಾಡಿ. ‘ಐ ಹ್ಯಾವ್ ಸಬ್ಮಿಟೆಡ್ ದಿ ಅಪ್ಲಿಕೇಶನ್. ಐ ಗೇವ್ ಇಟ್ ಅಟ್ ದಿ ಕೌಂಟರ್ ಯೆಸ್ಟರ್‌ಡೇ.’

ಯಾವಾಗ ಎಂದು ಕೇಳುವ ವೆನ್‌ಗೂ ಇದೇ ನಿಯಮ. ‘ಯಾವಾಗ ಬಂದಿದ್ದೀರಿ?’ ಎಂಬುದು ‘ವೆನ್ ಡಿಡ್ ಯು ಕಮ್?’ ಆಗಬೇಕು. ‘ವೆನ್ ಹ್ಯಾವ್ ಯು ಕಮ್?’ ಎಂದು ಕೇಳಬಾರದು.

ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಬಂದವರಿಗೆ ಇಂಗ್ಲಿಷಿನಲ್ಲಿ ವಿವರಿಸುವವರಿಗೆ ಈ ಭೇದ ದಿನನಿತ್ಯದ ಅಗತ್ಯ. ಇಸವಿ ಹೇಳಿದರೆ ಸಿಂಪಲ್ ಪಾಸ್ಟ್: ‘ದಿ ಚೆನ್ನಕೇಶವ ಟೆಂಪಲ್ ವಾಸ್ ಕಾನ್ಸಿಕ್ರೇಟೆಡ್ ಇನ್ 1117.’ ಇವತ್ತಿನ ತನಕ ತಂದರೆ ಹ್ಯಾಸ್: ‘ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಮೋರ್ ದ್ಯಾನ್ ನೈನ್ ಹಂಡ್ರೆಡ್ ಇಯರ್ಸ್.’ ಬರಿಯ ಇರುವಿಕೆ ಹೇಳಿದರೆ ವರ್ತಮಾನ: ‘ಇಟ್ ಸ್ಟ್ಯಾಂಡ್ಸ್ ಇನ್ ಬೇಲೂರು.’ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2023ರಲ್ಲಿ. ‘ದೇ ವರ್ ಆಡೆಡ್ ಟು ದಿ ಲಿಸ್ಟ್ ಇನ್ 2023’ ಎಂದೂ ‘ದೇ ಹ್ಯಾವ್ ಬೀನ್ ಆನ್ ದಿ ಲಿಸ್ಟ್ ಸಿನ್ಸ್ 2023’ ಎಂದೂ ಹೇಳಬಹುದು. ಇಸವಿ ಎರಡರಲ್ಲೂ ಒಂದೇ. ಇನ್ ಬಂದಲ್ಲಿ ಸೇರಿಸಿದ ಆ ಘಟನೆ, ಸಿನ್ಸ್ ಬಂದಲ್ಲಿ ಅಂದಿನಿಂದ ಇಂದಿನವರೆಗಿನ ಸ್ಥಿತಿ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಬಗ್ಗೆ ಬರೆಯುವಾಗಲೂ ‘ವಾಸ್ ಸೆಟ್ ಅಪ್ ಇನ್ 1982’ ಒಂದು ವಾಕ್ಯ, ‘ಹ್ಯಾಸ್ ಬೀನ್ ವರ್ಕಿಂಗ್ ಸಿನ್ಸ್ 1982’ ಇನ್ನೊಂದು. ‘ದಿ ಲಾಸ್ಟ್ ಮಹಾಮಸ್ತಕಾಭಿಷೇಕ ವಾಸ್ ಹೆಲ್ಡ್ ಇನ್ 2018’ ಎಂಬಲ್ಲಿ ‘ಹ್ಯಾಸ್ ಬೀನ್ ಹೆಲ್ಡ್’ ಹಾಕಿದರೆ ಇಸವಿಯೇ ಅದನ್ನು ತಪ್ಪು ಮಾಡುತ್ತದೆ.

ಈಗ ಹ್ಯಾಡ್. ‘ಹೋದ ವಾರ ಬೇಲೂರಿಗೆ ಹೋಗಿದ್ವಿ’ ಎಂಬ ‘ಹೋಗಿದ್ವಿ’ಯನ್ನು ಹಾಗೆಯೇ ತಂದು ‘ವಿ ಹ್ಯಾಡ್ ಗಾನ್ ಟು ಬೇಲೂರು ಲಾಸ್ಟ್ ವೀಕ್’ ಎನ್ನುವುದು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸಲೀಸಾಗಿ ಓಡಾಡುವ ತಪ್ಪು. ‘ಹೋಗಿ ಬಂದಾಗಿದೆ’ ಎಂಬ ಭಾವ ಕನ್ನಡದ ಆ ರೂಪದಲ್ಲಿದೆ. ಇಂಗ್ಲಿಷಿನ ಹ್ಯಾಡ್‌ಗೆ ಆ ಕೆಲಸವಿಲ್ಲ. ನಡೆದುಹೋದ ಎರಡು ಘಟನೆಗಳಿದ್ದು, ಅವುಗಳಲ್ಲಿ ಮುಂಚಿನದು ಯಾವುದೆಂದು ತೋರಿಸುವುದಷ್ಟೇ ಅದರ ಕೆಲಸ. ಒಂದೇ ಘಟನೆ ಇದ್ದರೆ ‘ವಿ ವೆಂಟ್ ಟು ಬೇಲೂರು ಲಾಸ್ಟ್ ವೀಕ್’ ಎಂದು ನಿಲ್ಲಿಸಿ. ಹ್ಯಾಡ್ ಬೇಕೇ ಬೇಕಾಗುವ ಜಾಗ ಹೀಗಿರುತ್ತದೆ: ‘ವೆನ್ ವಿ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಲಾಸ್ಟ್ ಬಸ್ ಹ್ಯಾಡ್ ಲೆಫ್ಟ್.’ ನಾವು ಮುಟ್ಟುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಹ್ಯಾಡ್ ತೆಗೆದು ‘ದಿ ಲಾಸ್ಟ್ ಬಸ್ ಲೆಫ್ಟ್’ ಎಂದರೆ ನಾವು ಬಂದ ಮೇಲೆ, ಕಣ್ಣೆದುರೇ ಬಸ್ಸು ಹೊರಟಿತು ಎಂದಾಗುತ್ತದೆ. ಬಿಫೋರ್, ಆಫ್ಟರ್ ಇದ್ದಾಗ ಹಿಂದುಮುಂದು ಆ ಪದದಿಂದಲೇ ತಿಳಿಯುವುದರಿಂದ ಹ್ಯಾಡ್ ಇಲ್ಲದೆಯೂ ನಡೆಯುತ್ತದೆ.

‘ಎರಡು ವರ್ಷದ ಹಿಂದೆ’ ಎಂಬುದಕ್ಕೆ ಟೂ ಇಯರ್ಸ್ ಅಗೋ. ಈ ಅಗೋ ಯಾವಾಗಲೂ ಇವತ್ತಿನಿಂದ ಹಿಂದಕ್ಕೆ ಎಣಿಸುತ್ತದೆ, ಕ್ರಿಯಾಪದ ಸಿಂಪಲ್ ಪಾಸ್ಟ್. ‘ಬಿಫೋರ್ ಟೂ ಇಯರ್ಸ್’ ತಪ್ಪು. ‘ಟೂ ಇಯರ್ಸ್ ಬಿಫೋರ್’ ಎಂಬುದುಂಟು, ಆದರೆ ಅದು ಇನ್ಯಾವುದೋ ಹಳೆಯ ಘಟನೆಯಿಂದ ಹಿಂದಕ್ಕೆ ಎಣಿಸುವುದು, ಜೊತೆಗೆ ಹ್ಯಾಡ್ ಬೇಕು. ‘ಟೂ ಇಯರ್ಸ್ ಬ್ಯಾಕ್’ ಮಾತಿನಲ್ಲಿ ನಡೆಯುತ್ತದೆ, ಅರ್ಜಿಯಲ್ಲಿ ಅಗೋ ಬರೆಯುವುದು ಲೇಸು.

ಎರಡೂ ಬಗೆಗೆ ಒಗ್ಗುವ ಹೊತ್ತು

ಟುಡೇ, ದಿಸ್ ಮಾರ್ನಿಂಗ್, ದಿಸ್ ಇಯರ್ ಇವು ಹೇಳುವ ಗಳಿಗೆಯ ಮೇಲೆ ನಿಂತಿವೆ. ಬೆಳಿಗ್ಗೆ ಹತ್ತಕ್ಕೆ ‘ಐ ಹ್ಯಾವ್ ಕಾಲ್ಡ್ ಹಿಮ್ ಟ್ವೈಸ್ ದಿಸ್ ಮಾರ್ನಿಂಗ್’ ಸರಿ, ಸಂಜೆ ನಾಲ್ಕಕ್ಕೆ ಅದೇ ಮಾತು ‘ಐ ಕಾಲ್ಡ್ ಹಿಮ್’ ಆಗಬೇಕು, ಬೆಳಿಗ್ಗೆ ಮುಗಿದಿದೆ. ಏಪ್ರಿಲ್ ಶುರುವಿನಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಕಾಯುತ್ತಿರುವ ತೋಟದವರು ‘ದಿ ಬ್ಲಾಸಮ್ ಶವರ್ಸ್ ಹ್ಯಾವಂಟ್ ಕಮ್ ಯೆಟ್’ ಎನ್ನಬಹುದು. ಮುಂಗಾರು ಹಿಡಿದ ಮೇಲೆ ಆ ಹಂಗಾಮಿನ ಬಾಗಿಲು ಮುಚ್ಚಿದಂತೆ, ಆಗ ‘ದೇ ಡಿಡಂಟ್ ಕಮ್ ದಿಸ್ ಇಯರ್.’

ಜಸ್ಟ್, ಆಲ್‌ರೆಡಿ, ಯೆಟ್ ಇವಕ್ಕೆ ನಮ್ಮ ಪಠ್ಯಪುಸ್ತಕಗಳು ಅನುಸರಿಸುವ ಬ್ರಿಟಿಷ್ ರೂಢಿಯಲ್ಲಿ ಹ್ಯಾವ್ ಬೇಕು. ‘ಐ ಆಲ್‌ರೆಡಿ ಏಟ್’ ಎಂಬುದು ಅಮೆರಿಕನ್ನರ ಮಾತಿನಲ್ಲಿ ಸಹಜ, ಅಲ್ಲಿ ಅದು ತಪ್ಪಲ್ಲ. ಪರೀಕ್ಷೆಗೆ ಕೂತವರು ಹ್ಯಾವ್ ಬಿಡದಿರುವುದು ಕ್ಷೇಮ. ಜಸ್ಟ್ ನೌ ಮಾತ್ರ ಬೇರೆ: ‘ಹಿ ಲೆಫ್ಟ್ ಜಸ್ಟ್ ನೌ.’ ‘ಈವರೆಗೆ’ ಎಂಬ ಅರ್ಥದ ಸೋ ಫಾರ್ ಇದ್ದರೆ ಹ್ಯಾವ್. ‘ಮೊದಲ ಸಲ ಚಿಕ್ಕಮಗಳೂರಿಗೆ ಬರ್ತಾ ಇದ್ದೀನಿ’ ಎಂಬುದು ‘ದಿಸ್ ಈಸ್ ದಿ ಫಸ್ಟ್ ಟೈಮ್ ಐ ಹ್ಯಾವ್ ಕಮ್ ಟು ಚಿಕ್ಕಮಗಳೂರು’ ಆಗುತ್ತದೆ, ‘ಐ ಆಮ್ ಕಮಿಂಗ್’ ಅಲ್ಲ.

ಬೈ ಮತ್ತು ಟಿಲ್: ‘ಒಳಗೆ’ ಮತ್ತು ‘ತನಕ’

ಇಲ್ಲಿ ಕನ್ನಡವೇ ಕೈಹಿಡಿಯುತ್ತದೆ. ‘ಒಳಗೆ’ ಎನ್ನುವ ಕಡೆ ಬೈ, ‘ತನಕ’ ಎನ್ನುವ ಕಡೆ ಟಿಲ್ ಅಥವಾ ಅನ್‌ಟಿಲ್. ‘ಐ ವಿಲ್ ಬಿ ಇನ್ ಹಾಸನ್ ಬೈ ಸಂಡೇ’ ಎಂದರೆ ಭಾನುವಾರದೊಳಗೆ ಬಂದು ಸೇರುತ್ತೇನೆ. ‘ಐ ವಿಲ್ ಬಿ ಇನ್ ಹಾಸನ್ ಟಿಲ್ ಸಂಡೇ’ ಎಂದರೆ ಭಾನುವಾರದ ತನಕ ಇದ್ದು ಹೊರಡುತ್ತೇನೆ. ಎರಡೂ ಶುದ್ಧ ಇಂಗ್ಲಿಷ್, ಅರ್ಥ ಪೂರಾ ವಿರುದ್ಧ. ಹತ್ತನೇ ತಾರೀಖಿನೊಳಗೆ ಹಣ ಕಟ್ಟಿ ಎನ್ನಲು ‘ಪೇ ಟಿಲ್ ದಿ ಟೆಂತ್’ ಎಂದರೆ ಹತ್ತರ ತನಕ ಕಟ್ಟುತ್ತಲೇ ಇರಿ ಎಂದಾಗುತ್ತದೆ.

ಬೈ ತೋರಿಸುವ ಗಡುವು ಹಿಂದಿದ್ದರೆ ಹ್ಯಾಡ್: ‘ಬೈ ಸಿಕ್ಸ್ ಓ ಕ್ಲಾಕ್ ಯೆಸ್ಟರ್‌ಡೇ ದಿ ರೇನ್ ಹ್ಯಾಡ್ ಸ್ಟಾಪ್ಡ್.’ ಗಡುವು ಮುಂದಿದ್ದು, ಅಷ್ಟರೊಳಗೆ ಕೆಲಸ ಮುಗಿದಿರುತ್ತದೆ ಎನ್ನಲು ವಿಲ್ ಹ್ಯಾವ್: ‘ವಿ ವಿಲ್ ಹ್ಯಾವ್ ಫಿನಿಶ್ಡ್ ಪಿಕ್ಕಿಂಗ್ ಬೈ ದಿ ಎಂಡ್ ಆಫ್ ಜನವರಿ.’ ‘ಎರಡು ದಿನದಲ್ಲಿ ಕಳಿಸ್ತೀನಿ’ ಎಂಬ ಭರವಸೆಗೆ ‘ಇನ್ ಟೂ ಡೇಸ್’, ಅದಕ್ಕಿಂತ ತಡವಾಗುವುದಿಲ್ಲ ಎಂದು ಒತ್ತಿ ಹೇಳಲು ‘ವಿದಿನ್ ಟೂ ಡೇಸ್.’ ‘ಆಫ್ಟರ್ ಟೂ ಡೇಸ್’ ನಡೆದ ಕಥೆ ಹೇಳುವಾಗ ಚೆನ್ನಾಗಿ ಕೂರುತ್ತದೆ: ‘ಹಿ ಕೇಮ್ ಬ್ಯಾಕ್ ಆಫ್ಟರ್ ಟೂ ಡೇಸ್.’

ಮುಂದಿನ ಮಾತು: ವಿಲ್ ಎಲ್ಲಿ ಬೇಡ

‘ಮಳೆ ನಿಂತಾಗ ಮುಳ್ಳಯ್ಯನಗಿರಿಗೆ ಹೊರಡೋಣ.’ ಎರಡೂ ಮುಂದೆ ಆಗಬೇಕಾದವು ಎಂದು ಎರಡು ಕಡೆಯೂ ವಿಲ್ ಹಾಕುವವರಿದ್ದಾರೆ. ವೆನ್, ಆಫ್ಟರ್, ಬಿಫೋರ್, ಟಿಲ್, ಆಸ್ ಸೂನ್ ಆಸ್, ಇಫ್ ಇವುಗಳ ಬೆನ್ನಿಗಿರುವ ಭಾಗದಲ್ಲಿ ವಿಲ್ ಬರುವುದಿಲ್ಲ: ‘ವೆನ್ ದಿ ರೇನ್ ಸ್ಟಾಪ್ಸ್, ವಿ ವಿಲ್ ಲೀವ್ ಫಾರ್ ಮುಳ್ಳಯ್ಯನಗಿರಿ.’ ಆದರೆ ‘ಮಳೆ ಯಾವಾಗ ನಿಲ್ಲುತ್ತೋ ಗೊತ್ತಿಲ್ಲ’ ಎನ್ನುವಾಗ ‘ಐ ಡೋಂಟ್ ನೋ ವೆನ್ ದಿ ರೇನ್ ವಿಲ್ ಸ್ಟಾಪ್’ ಎಂದು ವಿಲ್ ಬೇಕು. ಎರಡು ವೆನ್‌ಗಳನ್ನು ಬೇರ್ಪಡಿಸಲು ಕನ್ನಡಕ್ಕೆ ತಿರುಗಿಸಿ ನೋಡಿ. ‘ನಿಂತಾಗ, ಬಂದಾಗ’ ಎಂದು ಬಂದರೆ ವಿಲ್ ಬೇಡ. ‘ಯಾವಾಗ’ ಎಂಬ ಪ್ರಶ್ನೆಪದ ಬಂದರೆ ಬೇಕು.

‘ನಾಳೆ ಹಾಸನಕ್ಕೆ ಹೋಗ್ತೀನಿ’ ಎಂಬ ಒಂದೇ ‘ಹೋಗ್ತೀನಿ’ಗೆ ಇಂಗ್ಲಿಷ್ ಹಲವು ರೂಪ ಕೇಳುತ್ತದೆ. ಮೊದಲೇ ಗೊತ್ತುಮಾಡಿಕೊಂಡಿದ್ದರೆ ‘ಐ ಆಮ್ ಗೋಯಿಂಗ್ ಟು ಹಾಸನ್ ಟುಮಾರೋ.’ ಮಾತಿನ ನಡುವೆಯೇ ತೀರ್ಮಾನಿಸಿದರೆ ‘ಐ ವಿಲ್ ಗೋ.’ ಬಸ್ಸು, ರೈಲಿನ ವೇಳಾಪಟ್ಟಿಗೆ ಬರಿಯ ವರ್ತಮಾನ: ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ.’ ಮೋಡ ಕಂಡು ಹೇಳುವಾಗ ‘ಇಟ್ ಈಸ್ ಗೋಯಿಂಗ್ ಟು ರೇನ್.’ ದಿನಾ ಹೋಗಿಬರುವುದಾದರೆ ‘ಐ ಗೋ ಟು ಹಾಸನ್ ಎವ್ರಿ ಡೇ’, ಇಲ್ಲಿ ‘ಆಮ್ ಗೋಯಿಂಗ್’ ಹಾಕುವ ರೂಢಿಯನ್ನು ಬಿಡಬೇಕು. ಹಿಂದೆ ಹೋಗುತ್ತಿದ್ದು ಈಗ ನಿಂತಿದ್ದರೆ ‘ಐ ಯೂಸ್ಡ್ ಟು ಗೋ.’

ಇವೆಲ್ಲ ಒಂದೇ ಕಡೆ ಸೇರುವುದು ವ್ಯವಹಾರದ ಪತ್ರದಲ್ಲಿ. ಕಾಫಿ ಬೆಳೆಗಾರರು ಖರೀದಿದಾರರಿಗೆ ಬರೆಯಬಹುದಾದ ಒಂದು ಮೇಲ್ ಹೀಗಿರುತ್ತದೆ:

‘ವಿ ಸೆಂಟ್ ದಿ ಸ್ಯಾಂಪಲ್ ಲಾಸ್ಟ್ ಥರ್ಸ್‌ಡೇ, ಬಟ್ ವಿ ಹ್ಯಾವಂಟ್ ರಿಸೀವ್ಡ್ ಯುವರ್ ರಿಪೋರ್ಟ್ ಯೆಟ್. ಇಟ್ ಹ್ಯಾಸ್ ಬೀನ್ ಕ್ಲೌಡಿ ಸಿನ್ಸ್ ಮಂಡೇ, ಸೋ ದಿ ಪಾರ್ಚ್‌ಮೆಂಟ್ ಈಸ್ ಸ್ಟಿಲ್ ಆನ್ ದಿ ಡ್ರೈಯಿಂಗ್ ಯಾರ್ಡ್. ವಿ ವಿಲ್ ಪ್ಯಾಕ್ ಇಟ್ ವೆನ್ ದಿ ಮಾಯಿಶ್ಚರ್ ಕಮ್ಸ್ ಡೌನ್ ಟು ಟೆನ್ ಪರ್ಸೆಂಟ್. ದಿ ಲಾರಿ ವಿಲ್ ಬಿ ಅಟ್ ಯುವರ್ ಗೇಟ್ ಬೈ ದಿ ಟ್ವೆಂಟಿಯತ್.’

ಲಾಸ್ಟ್ ಥರ್ಸ್‌ಡೇ ಮುಗಿದ ದಿನ, ಅದಕ್ಕೆ ಸೆಂಟ್. ‘ಹ್ಯಾವ್ ಸೆಂಟ್’ ಬರೆಯಬೇಕೆನಿಸಿದರೆ ಗುರುವಾರವನ್ನು ಅಳಿಸಬೇಕು. ಯೆಟ್ ಈ ಗಳಿಗೆಯ ತನಕದ ಮಾತು, ಅದಕ್ಕೆ ಹ್ಯಾವಂಟ್ ರಿಸೀವ್ಡ್. ಮೋಡ ಸೋಮವಾರ ಶುರುವಾಗಿ ಇನ್ನೂ ಇದೆ, ಅದಕ್ಕೆ ಹ್ಯಾಸ್ ಬೀನ್. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಕಾಳು, ಕಣದಲ್ಲಿರುವುದು ಈಗಿನ ಸಂಗತಿ, ಜೊತೆಗೆ ಹಿಂದಿನಿಂದ ಎಣಿಸುವ ಪದವಿಲ್ಲ, ಹಾಗಾಗಿ ಈಸ್. ತೇವಾಂಶ ಇಳಿದಾಗ ಎಂಬಲ್ಲಿ ವೆನ್ ಇರುವುದರಿಂದ ಕಮ್ಸ್, ‘ವಿಲ್ ಕಮ್’ ಅಲ್ಲ. ಕೊನೆಯ ಬೈ ಅನ್ನು ಟಿಲ್ ಮಾಡಿದರೆ ಲಾರಿ ಇಪ್ಪತ್ತನೇ ತಾರೀಖಿನ ತನಕ ಅವರ ಗೇಟಿನಲ್ಲೇ ನಿಂತಿರುತ್ತದೆ ಎಂದು ಖರೀದಿದಾರರು ಓದಿಕೊಳ್ಳುತ್ತಾರೆ.